ನದಿಯಿಲ್ಲದ ಊರಿಗೆ ನೀರು ಬಂದ ಕಥೆ

ಸೋಲ್ ನಗರಕ್ಕೆ ಹಾನ್ ನದಿಯಿದೆ. ಲಂಡನ್ನಿಗೆ ಥೇಮ್ಸ್, ಕೈರೋಗೆ ನೈಲ್. ದೊಡ್ಡ ಊರುಗಳು ಹೆಚ್ಚಾಗಿ ನದಿಯ ದಂಡೆಯಲ್ಲೇ ಬೆಳೆದಿವೆ. ನಮ್ಮಲ್ಲಿ ಬಹಳ ಮಂದಿಯ ತವರಾದ ಬೆಂಗಳೂರಿಗೆ ಮಾತ್ರ ಅಂಥ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಊರು ಅದು. ಅಲ್ಲಿ ಬಿದ್ದ ಮಳೆನೀರು ಪಶ್ಚಿಮಕ್ಕೆ ಇಳಿದರೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಇಳಿದರೆ ದಕ್ಷಿಣ ಪಿನಾಕಿನಿಗೆ. ಊರಲ್ಲಿ ತಾನಾಗಿ ನಿಲ್ಲುವುದಿಲ್ಲ. ಆದರೂ 2011ರ ಜನಗಣತಿಯ ಹೊತ್ತಿಗೆ ಅಲ್ಲಿ 84 ಲಕ್ಷಕ್ಕೂ ಹೆಚ್ಚು ಜನರಿದ್ದರು. ಇಷ್ಟು ಜನಕ್ಕೆ ನೀರು ಎಲ್ಲಿಂದ ಬಂತು? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಬೆಂಗಳೂರಿನ ಚರಿತ್ರೆಯನ್ನು ಹೇಳಲು ಪ್ರಯತ್ನಿಸುತ್ತೇನೆ.

ಹೊಯ್ಸಳ ದೊರೆ ವೀರಬಲ್ಲಾಳನಿಗೆ ಒಬ್ಬ ಮುದುಕಿ ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಊರಿಗೆ 'ಬೆಂದಕಾಳೂರು' ಎಂದು ಹೆಸರು ಬಂತು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ ವೀರಗಲ್ಲೊಂದು ಹೊಯ್ಸಳರಿಗಿಂತಲೂ ಹಳೆಯದು. ಸುಮಾರು ಕ್ರಿ.ಶ. 890ರ ಆ ಕಲ್ಲಿನಲ್ಲಿ ಹಳಗನ್ನಡದಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಅಂದರೆ ಈ ಹೆಸರಿಗೆ ಸಾವಿರದ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ.

ಇಂದಿನ ನಗರದ ಬುಡ ಇರುವುದು 1537ರಲ್ಲಿ. ಯಲಹಂಕದ ನಾಡಪ್ರಭು ಕೆಂಪೇಗೌಡರು ಆಗ ಕೋಟೆ ಕಟ್ಟಿಸಿ, ಪೇಟೆ ಹಾಕಿಸಿದರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ಯಾರು ಎಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಹೆಸರುಗಳೇ ಹೇಳುತ್ತವೆ. ಪೇಟೆಯಷ್ಟೇ ಮುಖ್ಯವಾದದ್ದು ಕೆರೆ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳು ಈ ಹೊಸ ಊರಿನ ಪ್ರಾಣವಾಗಿದ್ದವು. 'ಅಂಬುಧಿ' ಎಂದರೆ ಸಮುದ್ರ. ನದಿಯೂ ಇಲ್ಲದ ಊರಿನವರು ತಮ್ಮ ಕೆರೆಗಳನ್ನು ಸಮುದ್ರ ಎಂದು ಕರೆದರು!

ಕೆರೆ ಎಂದರೆ ಸುಮ್ಮನೆ ನೀರು ನಿಂತ ಹಳ್ಳವಲ್ಲ. ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಬೇಕು. ಗದ್ದೆಗೆ ನೀರು ಬಿಡಲು ತೂಬು ಬೇಕು. ಹೆಚ್ಚಾದ ನೀರು ಹೋಗಲು ಕೋಡಿ ಬೇಕು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಹೂಳು ತುಂಬಿದರೆ ಊರವರು ಎತ್ತುತ್ತಿದ್ದರು. ಕೆರೆಗಳು ಇಂಗಿಸಿದ ನೀರಿನಿಂದ ಸುತ್ತಲಿನ ಬಾವಿಗಳೂ ತುಂಬಿರುತ್ತಿದ್ದವು.

ಆಮೇಲೆ ಆಳುವವರು ಬದಲಾಗುತ್ತಲೇ ಹೋದರು. 1638ರಲ್ಲಿ ಬಿಜಾಪುರದ ಸೇನೆ ಊರನ್ನು ಗೆದ್ದಿತು, ಅದು ಶಹಾಜಿಗೆ ಜಹಗೀರಾಯಿತು. 1687ರಲ್ಲಿ ಮೊಗಲರು ಬಂದರು. ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರ್ ಪಡೆದುಕೊಂಡರು. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ತೋಟ ಶುರು ಮಾಡಿದ. 1791ರಲ್ಲಿ ಕಾರ್ನ್‌ವಾಲಿಸ್ ಕೋಟೆ ಹಿಡಿದ. 1809ರಲ್ಲಿ ಹಲಸೂರಿನ ಕಡೆ ಬ್ರಿಟಿಷರ ದಂಡು ಬಂದು ನೆಲೆಸಿತು. ಬಾವುಟ ಯಾರದೇ ಇರಲಿ, ನೀರು ಮಾತ್ರ ಅದೇ ಕೆರೆ, ಅದೇ ಬಾವಿಗಳದ್ದು.

ಬದಲಾವಣೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. 1876–78ರ ಘೋರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ದಂಡು ಪ್ರದೇಶದ ನೀರಿಗಾಗಿ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದರು. ಅದೂ ಸಾಲದೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಗಳಲ್ಲಿ ನೀರು ತಂದರು. 1898ರ ಪ್ಲೇಗಿನ ನಂತರ ಇಕ್ಕಟ್ಟಾದ ಪೇಟೆಯನ್ನು ಬಿಟ್ಟ ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಹೋದರು. 1905ರಲ್ಲಿ ಬೀದಿಗೆ ವಿದ್ಯುತ್ ದೀಪ ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು.

ನಲ್ಲಿ ಬಂದದ್ದು ಒಳ್ಳೆಯದೇ. ಆದರೆ ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆ ಯಾರಿಗೂ ಬೇಡವಾಯಿತು. ಕೆರೆ ಹೋಗಿ, ಸೊಳ್ಳೆಯ ತಾಣವಾಯಿತು. ಆಮೇಲೆ ಖಾಲಿ ಜಾಗವಾಯಿತು. ಧರ್ಮಾಂಬುಧಿ ಇದ್ದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಮೈದಾನ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಆದರೆ ಅದರ ಪಕ್ಕದಲ್ಲಿ ಒಂದು ಸಣ್ಣ ಹೊಂಡ ಇನ್ನೂ ಉಳಿದಿದೆ. ಅದನ್ನು ಉಳಿಸಿದ್ದು ಕರಗ. ಕರಗ ಹೊರುವ ತಿಗಳರು ಕೆರೆಯ ನೀರಿನಲ್ಲಿ ಹೂವು, ತರಕಾರಿ ಬೆಳೆಯುತ್ತಿದ್ದವರು. ಕರಗದ ವಿಧಿಗಳಿಗೆ ಆ ಕೆರೆಯ ನೀರೇ ಬೇಕು. ಒಂದು ಇಡೀ ಕೆರೆಯಲ್ಲಿ ಹಬ್ಬಕ್ಕೆ ಬೇಕಾದಷ್ಟು ಮಾತ್ರ ಉಳಿದಿದೆ ಎಂದು ತಿಳಿದಾಗ ನನಗೆ ಬೇಸರವಾಯಿತು. ಹಬ್ಬ ಇಲ್ಲದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ ಎಂದೂ ಅನ್ನಿಸಿತು.

ಊರು ಮಾತ್ರ ಬೆಳೆಯುತ್ತಲೇ ಇತ್ತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು. ಸ್ವಾತಂತ್ರ್ಯದ ನಂತರ ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. 1901ರಲ್ಲಿ ಸುಮಾರು 1.6 ಲಕ್ಷವಿದ್ದ ಜನಸಂಖ್ಯೆ 1971ಕ್ಕೆ 16 ಲಕ್ಷ ದಾಟಿತು. ಕೊನೆಗೆ 1974ರಲ್ಲಿ ಕಾವೇರಿ ನೀರು ಬೆಂಗಳೂರಿಗೆ ಬಂತು. ಆಗ ನನ್ನ ಅಜ್ಜಿಗೆ ಹೊಸದಾಗಿ ಮದುವೆಯಾಗಿತ್ತು. ಅದಕ್ಕೆ ಮುಂಚೆ ಬೀದಿ ನಲ್ಲಿಯ ಮುಂದೆ ಬೆಳಗಿನ ಜಾವ ಕೊಡಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದುದನ್ನು ಅವರು ಈಗಲೂ ಹೇಳುತ್ತಾರೆ.

ಈ ಕಾವೇರಿ ನೀರಿನ ಪ್ರಯಾಣ ದೊಡ್ಡದು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಹಗಲೂ ರಾತ್ರಿ ಪಂಪ್ ಮಾಡಿಯೇ ತರಬೇಕು. ನಾವಿರುವ ಬೇ ಏರಿಯಾದ ಕಥೆಯೂ ಸ್ವಲ್ಪ ಇದೇ ತರಹ. ಸ್ಯಾನ್ ಫ್ರಾನ್ಸಿಸ್ಕೋಗೆ, ಸನ್ನಿವೇಲ್, ಮಿಲ್ಪಿಟಸ್‌ನ ಹಲವು ಮನೆಗಳಿಗೆ ಬರುವ ನೀರು ಯೊಸೆಮಿಟಿಯ ಹೆಚ್ ಹೆಚಿ ಜಲಾಶಯದ್ದು. ಅದಕ್ಕಾಗಿ ಒಂದು ಸುಂದರ ಕಣಿವೆಯನ್ನೇ ಮುಳುಗಿಸಿದರು. 1934ರಿಂದ ಆ ನೀರು ಸುಮಾರು 270 ಕಿಲೋಮೀಟರ್ ದೂರದಿಂದ ಬರುತ್ತಿದೆ. ಆದರೆ ಅದು ಬೆಟ್ಟದಿಂದ ಇಳಿದು ತಾನಾಗಿಯೇ ಬರುತ್ತದೆ. ಬೆಂಗಳೂರಿನ ನೀರು ಬೆಟ್ಟ ಹತ್ತಬೇಕು.

2024ರ ಬೇಸಿಗೆ ನೆನಪಿದೆಯಲ್ಲವೇ? ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಪ್ರತಿ ವಾರ ಫೋನಿನಲ್ಲಿ "ಊಟ ಆಯ್ತಾ ಪುಟ್ಟಿ?" ಎಂದು ಅಜ್ಜಿ ಕೇಳುತ್ತಾರೆ. ಆ ಬೇಸಿಗೆಯಲ್ಲಿ "ನೀರು ಬಂತಾ ಅಜ್ಜಿ?" ಎಂದು ನಾನು ಕೇಳುತ್ತಿದ್ದೆ. ಸಂಪು ಖಾಲಿಯಾಗಿದೆ, ಟ್ಯಾಂಕರ್‌ಗೆ ಹೇಳಿದ್ದೇವೆ, ಬಂದ ಮೇಲೆ ಬಟ್ಟೆ ಒಗೆಯಬೇಕು ಎನ್ನುತ್ತಿದ್ದರು. ಎಪ್ಪತ್ತೈದರ ಹತ್ತಿರ ಬಂದ ಅವರು ಮತ್ತೆ ನೀರು ಕಾಯುವ ಹಾಗಾಯಿತಲ್ಲ ಎಂಬ ಸಂಕಟವೇ ನನ್ನನ್ನು ಈ ವಿಷಯ ಓದಲು ಹಚ್ಚಿದ್ದು.

ಅದೇ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ಹೊಸದಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೂ ನೀರು ಕೊಡುವ ಕೆಲಸ ಆರಂಭವಾಯಿತು. ಆದರೆ ಕಾವೇರಿಯನ್ನು ನಂಬಿದವರು ಬೆಂಗಳೂರಿನವರು ಮಾತ್ರ ಅಲ್ಲ. ಮಂಡ್ಯದ ರೈತರಿದ್ದಾರೆ, ತಮಿಳುನಾಡಿನ ರೈತರಿದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಬೇರೆಯಾಗಿ ಲೆಕ್ಕ ಹಾಕಬೇಕಾಯಿತು. ಎಷ್ಟು ಬೇಕಾದರೂ ತರುತ್ತಲೇ ಇರಲು ಆಗುವುದಿಲ್ಲ.

ಹಾಗಾಗಿ ಹಳೆಯ ಬುದ್ಧಿ ಮತ್ತೆ ಬೇಕಾಗಿದೆ. ನೊರೆ ಬಂದು, ಬೆಂಕಿ ಹತ್ತಿದ ಬೆಳ್ಳಂದೂರು ಕೆರೆಯ ಸುದ್ದಿ ಎಲ್ಲರಿಗೂ ಗೊತ್ತು. ಕೈಕೊಂಡ್ರಹಳ್ಳಿ ಕೆರೆಯ ಸುದ್ದಿ ಅಷ್ಟು ಜನಕ್ಕೆ ಗೊತ್ತಿಲ್ಲ. ಸುತ್ತಲಿನ ನಿವಾಸಿಗಳು ಸೇರಿ ಅದನ್ನು ಉಳಿಸಿಕೊಂಡಿದ್ದಾರೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅಲ್ಲಿ ಒಂದು ಕೆರೆ ತುಂಬಿ ಇನ್ನೊಂದಕ್ಕೆ ಹರಿಯುತ್ತದೆ, ಕೆಂಪೇಗೌಡರ ಕಾಲದ ಹಾಗೆಯೇ.

ಕನ್ನಡ ಶಾಲೆಯಲ್ಲಿ ಓದಲು ಕಲಿತ ಮೇಲೆ ಬೆಂಗಳೂರಿನ ನಕ್ಷೆ ನನಗೆ ಬೇರೆ ರೀತಿ ಕಾಣುತ್ತಿದೆ. ಮತ್ತಿಕೆರೆ, ಅರಕೆರೆಗಳಲ್ಲಿ ಕೆರೆಯಿದೆ. ಕೋಡಿಹಳ್ಳಿಯಲ್ಲಿ ಕೋಡಿಯಿದೆ. ಬೊಮ್ಮಸಂದ್ರ, ಸಿಂಗಸಂದ್ರಗಳ 'ಸಂದ್ರ' ಎಂಬುದು 'ಸಮುದ್ರ' ಸವೆದು ಆದದ್ದು ಎನ್ನುತ್ತಾರೆ. ಮೆಜೆಸ್ಟಿಕ್ ಪಕ್ಕದ ರಸ್ತೆಗೆ ಇಂದಿಗೂ ಟ್ಯಾಂಕ್ ಬಂಡ್ ರಸ್ತೆ ಎಂದೇ ಹೆಸರು. ನೀರು ಹೋದರೂ ಹೆಸರು ಹೋಗಿಲ್ಲ.

ತಂದೆ ತಾಯಂದಿರಲ್ಲಿ, ಗುರುಗಳಲ್ಲಿ ನನ್ನದೊಂದು ವಿನಂತಿ. ನೀವು ಬೆಳೆದ ಬಡಾವಣೆಯ ಹತ್ತಿರ ಯಾವ ಕೆರೆ ಇತ್ತು, ಅದರ ಏರಿ ಎಲ್ಲಿತ್ತು, ಅದು ಯಾವಾಗ ಕೋಡಿ ಬೀಳುತ್ತಿತ್ತು ಎಂಬುದನ್ನು ನಮಗೆ ಹೇಳಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಾವು ಹೋಗಿ ನೋಡುತ್ತೇವೆ.