ತಳುಕಿನ ಮೇಷ್ಟ್ರು, ಪಂಪನ ಪದ್ಯ ಮತ್ತು ಅಂಗೈಯಗಲದ ಪರದೆ

ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೊರಟ ಬಸ್ಸಿನಲ್ಲಿ ಇ-ರೀಡರ್ ತೆರೆದು ಪಂಪಭಾರತ ಓದುತ್ತಿದ್ದೆ. ಸ್ಕ್ಯಾನ್ ಮಾಡಿದ ಪುಟ. ಪದ್ಯವನ್ನು ಹಿಗ್ಗಿಸಿದರೆ ಕೆಳಗಿನ ಅರ್ಥ ಪರದೆಯಾಚೆ ಹೋಗುತ್ತಿತ್ತು. ಅರ್ಥ ಹುಡುಕಿ ಕೆಳಗಿಳಿದರೆ ಪದ್ಯ ಮಾಯ. ಅಷ್ಟರಲ್ಲಿ ತಳುಕು ಬಂತು.

ಪಂಪ ನಮ್ಮ ಕೈಗೆ ಬಂದ ದಾರಿ ಈ ಸೀಮೆಯನ್ನೂ ಹಾದಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದ ಬಿ.ಎಲ್. ರೈಸ್ ಅವರೇ 1898ರಲ್ಲಿ ಪಂಪಭಾರತವನ್ನು ಸಂಪಾದಿಸಿ ಅಚ್ಚು ಹಾಕಿಸಿದರು.

ಅಚ್ಚಾದ ಮಾತ್ರಕ್ಕೆ ಹಳಗನ್ನಡ ಅರ್ಥವಾಗುವುದಿಲ್ಲ, ಹೇಳಿಕೊಡುವವರು ಬೇಕು. ಮೈಸೂರಿನಲ್ಲಿ 1927ರಲ್ಲಿ ಕನ್ನಡ ಎಂ.ಎ. ಶುರುವಾದಾಗ ಪಾಠ ಹೇಳಿದವರಲ್ಲಿ ತಳುಕಿನ ಟಿ.ಎಸ್. ವೆಂಕಣ್ಣಯ್ಯ ಒಬ್ಬರು. ಮೊದಲ ತಂಡದಲ್ಲಿ ಕುವೆಂಪು, ಡಿ.ಎಲ್. ನರಸಿಂಹಾಚಾರ್ ಇದ್ದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಗುರುವಿಗೆ ಅರ್ಪಿಸಿದರು. ನರಸಿಂಹಾಚಾರ್ ‘ಪಂಪಭಾರತ ದೀಪಿಕೆ’ ಬರೆದು, ಮೇಷ್ಟ್ರಿಲ್ಲದ ಊರಿನ ಓದುಗನಿಗೂ ಪಂಪನನ್ನು ಬಿಡಿಸಿಟ್ಟರು.

ನಮ್ಮ ಹಳ್ಳಿಗಳಿಗೆ ಇದು ಹೊಸದಲ್ಲ. ಗಮಕದಲ್ಲಿ ಒಬ್ಬರು ವಾಚಿಸಿದರೆ ಪಕ್ಕದಲ್ಲೇ ಕೂತವರು ಅರ್ಥ ಹೇಳುತ್ತಾರೆ. ಪದ್ಯ, ವ್ಯಾಖ್ಯಾನ ಎರಡೂ ಒಂದೇ ಜಗಲಿಯ ಮೇಲೆ. ಟಿಪ್ಪಣಿಯ ಪುಸ್ತಕ ಆ ಜಗಲಿಯನ್ನೇ ಪುಟಕ್ಕೆ ತಂದಿತು. ಸ್ಕ್ಯಾನ್ ಪುಟ ಇಬ್ಬರನ್ನೂ ಮತ್ತೆ ಬೇರೆ ಮಾಡಿದೆ.

2016ರ ಕೊನೆಯಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದರೆ ಬಾಗಿಲು ತೆರೆದರಷ್ಟೇ ಸಾಲದು. ಹಳಗನ್ನಡದಲ್ಲಿ ‘ಬಾಳ್’ ಅಂದರೆ ಕತ್ತಿ, ‘ಬಾೞ್’ ಅಂದರೆ ಬದುಕು. ಟೈಪು ಮಾಡುವವರು ‘ೞ’ ಬಿಟ್ಟು ‘ಳ’ ಹಾಕಿದರೆ ಬದುಕೇ ಕತ್ತಿಯಾಗುತ್ತದೆ. ಯೂನಿಕೋಡ್‌ನಲ್ಲಿ ಆ ಅಕ್ಷರಕ್ಕೆ ಜಾಗವಿದೆ. ಬೇಕಾದದ್ದು ಅದನ್ನು ಗುರುತಿಸಿ ತಿದ್ದುವ ಕಣ್ಣು. ಪದವನ್ನು ಮುಟ್ಟಿದರೆ ಅರ್ಥ ಅಲ್ಲೇ ಮೂಡುವಂತೆ ಮಾಡುವುದು ಯಂತ್ರಕ್ಕೆ ಕಷ್ಟವಲ್ಲ. ಆ ಅರ್ಥವನ್ನು ಕೂತು, ತಿದ್ದಿ, ಸೇರಿಸಬೇಕಾದವರು ಮನುಷ್ಯರೇ.

ಬಸ್ಸು ತಳುಕು ದಾಟಿತು. ಪರದೆ ಮುಚ್ಚಿದೆ. ದೀಪಿಕೆ ಮನೆಯಲ್ಲಿತ್ತು, ತುಸು ಭಾರದ್ದು. ಮುಂದಿನ ಸಲ ಚೀಲದಲ್ಲಿ ಅದೂ ಇರುತ್ತದೆ.