ನೀರಿನಡಿಯ ಊರು, ನೀರಂಚಿನ ಕಾಡು

ಸಾಗರದಿಂದ ಸಿಗಂದೂರಿಗೆ ಹೊರಟವರಿಗೆ ಅಂಬಾರಗೋಡ್ಲುವಿನಲ್ಲಿ ಶರಾವತಿಯ ಹಿನ್ನೀರು ಎದುರಾಗುತ್ತದೆ. ನಡುವೆ ಹಸಿರು ದ್ವೀಪಗಳು, ಆಚೆ ಶರಾವತಿ ಕಣಿವೆ ಅಭಯಾರಣ್ಯದ ದಟ್ಟ ಕಾಡು. ನೋಡಿದವರಿಗೆ ಇದು ಮನುಷ್ಯ ಸುಳಿಯದ ಜಾಗವೆಂದೇ ತೋರುತ್ತದೆ. ಆದರೆ ಈ ದ್ವೀಪಗಳು ಹಿಂದೆ ಗುಡ್ಡದ ನೆತ್ತಿಗಳು. ಅವುಗಳ ಬುಡದಲ್ಲಿ ಗದ್ದೆ, ಅಡಿಕೆ ತೋಟ, ಊರುಗಳಿದ್ದವು.

ಕಣಿವೆಯ ಜನವಸತಿ ಹಳೆಯದು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಕಾನೂರು ಕೋಟೆಯ ಅವಶೇಷಗಳು ಈಗಲೂ ಕಾಡಿನೊಳಗಿವೆ.

ಜೋಗದ ವಿದ್ಯುತ್ತಿಗಾಗಿ ಇಲ್ಲಿ ಮೊದಲು ನಿಂತದ್ದು ಹಿರೇಭಾಸ್ಕರ ಅಣೆಕಟ್ಟು. 1964ರಲ್ಲಿ 1819 ಅಡಿ ಗರಿಷ್ಠ ಮಟ್ಟದ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಳೆಯ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಾತ್ರ ಅದು ತಲೆ ಎತ್ತುತ್ತದೆ. ಮನೆ, ತೋಟ ಕಳೆದುಕೊಂಡವರಿಗೆ ಶಿವಮೊಗ್ಗ ಜಿಲ್ಲೆಯ ಬೇರೆ ಕಡೆಗಳ ಅರಣ್ಯಭೂಮಿಯಲ್ಲಿ ನೆಲೆ ತೋರಿಸಲಾಯಿತು.

1972ರಲ್ಲಿ ಹಿನ್ನೀರಿನ ಸುತ್ತಲ ಕಾಡು ಅಭಯಾರಣ್ಯವಾಯಿತು. 2019ರಲ್ಲಿ ಸಿಂಗಳೀಕಗಳ ನೆಲೆಗಳನ್ನೂ ಸೇರಿಸಿ ಅದರ ವ್ಯಾಪ್ತಿಯನ್ನು ಸುಮಾರು 930 ಚದರ ಕಿ.ಮೀ.ಗೆ ಹಿಗ್ಗಿಸಲಾಯಿತು. ಕಾಡಿಗೆ ಕಾನೂನಿನ ಆಸರೆ ಸಿಕ್ಕಿತು. ಮುಳುಗಡೆ ಸಂತ್ರಸ್ತರ ಅನೇಕ ಕುಟುಂಬಗಳು ಮಾತ್ರ ಉಳುವ ನೆಲದ ಹಕ್ಕುಪತ್ರಕ್ಕಾಗಿ ಮೂರು ತಲೆಮಾರಿನಿಂದ ಕಚೇರಿ ಅಲೆದಿವೆ. ದಾಖಲೆಯಲ್ಲಿ ಆ ನೆಲ ಅರಣ್ಯವಾಗಿಯೇ ಉಳಿದದ್ದು ಇದಕ್ಕೆ ಕಾರಣ.

ಸಿಂಗಳೀಕದ ಕಾಡು ಉಳಿಯಲೇಬೇಕು. ನಾಡಿಗೆ ಬೆಳಕು ಕೊಡಲು ಊರನ್ನೇ ಬಿಟ್ಟವರ ಲೆಕ್ಕವೂ ಚುಕ್ತಾ ಆಗಬೇಕು.