ಜೆಮಿನಿ ಸೇತುವೆ ಪಕ್ಕದ ಸಾಲು

ನಾನು ಚಿಕ್ಕವಳಿದ್ದಾಗ ಚೆನ್ನೈನ ನಮ್ಮ ಮನೆಗೆ ಒಂದು ಬಗೆಯ ನೆಂಟರು ಆಗಾಗ ಬರುತ್ತಿದ್ದರು. ಬೆಂಗಳೂರು ಮೇಲ್‌ನಲ್ಲಿ ಬಂದು ನಸುಕಿಗೇ ಸೆಂಟ್ರಲ್‌ನಲ್ಲಿ ಇಳಿದು, ಆಟೋದವನ ಜೊತೆ ಹರಕುಮುರುಕು ತಮಿಳಿನಲ್ಲಿ ಚೌಕಾಸಿ ಮಾಡಿ, ಬೆಳಕು ಹರಿಯುವಷ್ಟರಲ್ಲಿ ಬಾಗಿಲು ತಟ್ಟುವ ಗಂಡ ಹೆಂಡತಿ. ಇಬ್ಬರಿಗೂ ಅರವತ್ತರ ಆಸುಪಾಸು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ಪಾಸ್‌ಪೋರ್ಟು, ಮನೆಯ ಕ್ರಯಪತ್ರದ ನಕಲು, ಬ್ಯಾಂಕಿನ ಠೇವಣಿ ರಸೀದಿ, ಪಿಂಚಣಿ ಪುಸ್ತಕ, ಅಮೆರಿಕದಿಂದ ಮಗನೋ ಮಗಳೋ ಕಳಿಸಿದ ಆಹ್ವಾನ ಪತ್ರ. ಸ್ನಾನ ಮುಗಿಸಿ, ಅಮ್ಮ ಮಾಡಿಕೊಟ್ಟ ಉಪ್ಪಿಟ್ಟನ್ನು ಅರ್ಧಂಬರ್ಧ ತಿಂದು, ದೇವರಿಗೆ ಕೈಮುಗಿದು, ಜೆಮಿನಿ ಸೇತುವೆಯ ಪಕ್ಕದ ಅಮೆರಿಕನ್ ಕಾನ್ಸುಲೇಟಿನ ಮುಂದಿನ ಸಾಲಿಗೆ ಹೊರಡುತ್ತಿದ್ದರು. ಅಮ್ಮ ಏನಕ್ಕೂ ಇರಲಿ ಎಂದು ಪಾಯಸ ಮಾಡಿ ಮುಚ್ಚಿಡುತ್ತಿದ್ದರು. ಮಧ್ಯಾಹ್ನ ಅವರು ಗೇಟು ತೆಗೆದು ಒಳಗೆ ಬರುವ ನಡಿಗೆ ನೋಡಿಯೇ ಆ ಪಾತ್ರೆಯನ್ನು ಹೊರಗೆ ತರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

ಕರ್ನಾಟಕವೂ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೇ ಸೇರಿದ್ದರಿಂದ ಇಷ್ಟೆಲ್ಲ. ಧಾರವಾಡದವರಾಗಲಿ ಶಿವಮೊಗ್ಗದವರಾಗಲಿ, ಅಮೆರಿಕದ ದಾರಿ ಅಣ್ಣಾ ಸಾಲೈ ಮೂಲಕವೇ ಹೋಗಬೇಕಿತ್ತು. ನಮ್ಮ ಸಂಘದ ಹಳೆಯ ಸದಸ್ಯರಲ್ಲಿ ಇಂಥ ನೆಂಟರಿಗೆ ಚಾಪೆ ಹಾಸದವರು ಯಾರೂ ಇರಲಾರರು.

2018ರಲ್ಲಿ ನನ್ನ ಅಮ್ಮನೇ ಆ ಫೈಲು ಹಿಡಿದು ನಿಂತರು. ನ್ಯೂಜೆರ್ಸಿಯಲ್ಲಿದ್ದ ಅಕ್ಕನಿಗೆ ಚೊಚ್ಚಲ ಹೆರಿಗೆ. ಅಮ್ಮನಿಗೆ ಅರವತ್ತಮೂರು, ಮಂಡಿನೋವು, ಬಿಪಿ, ವಿಮಾನ ಹತ್ತಿ ಗೊತ್ತಿಲ್ಲ. ಕರೆದುಕೊಂಡು ಹೋಗುವ ಹೊಣೆ ನನ್ನದು. ಸರ್ವರ್ ಕೆಟ್ಟಾಗ ಲಾಗ್ ಹುಡುಕುವುದು ನನ್ನ ಉದ್ಯೋಗ. ಎಲ್ಲಿ, ಯಾವಾಗ, ಏನು ಬದಲಾಯಿತು ಎಂದು ನೋಡುತ್ತಾ ಹಿಂದಕ್ಕೆ ಹೋಗುವುದು. ಅದೇ ಚಾಳಿಯಲ್ಲಿ, ವಯಸ್ಸಾದ ಅಪ್ಪ ಅಮ್ಮಂದಿರು ಕಡಲು ದಾಟಲು ಶುರುಮಾಡಿದ್ದು ಯಾವಾಗ ಎಂದು ಹುಡುಕಿದೆ.

ಏಕೆಂದರೆ ಅದಕ್ಕೆ ಮೊದಲು ಹೋಗುತ್ತಿದ್ದವರು ಮಕ್ಕಳು ಮಾತ್ರ. ನಮ್ಮೂರಿನ ಬಂದರನ್ನೇ ನೋಡಿ. 1914ರ ಮಾರ್ಚ್ 17ರಂದು ಇಲ್ಲಿಂದ 'ನೆವಾಸಾ' ಎಂಬ ಹಡಗು ಹೊರಟಿತು. ಅದರಲ್ಲಿದ್ದವರು ಇದೇ ಬಂದರಿನ ಪೋರ್ಟ್ ಟ್ರಸ್ಟ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಭಯ, ತಾಯಿ ಕೋಮಲತ್ತಮ್ಮಾಳ್ ಅವರ ವಿರೋಧ, ಕೊನೆಗೆ ದೇವಿ ಕನಸಿನಲ್ಲಿ ಬಂದು ಅಪ್ಪಣೆ ಕೊಟ್ಟಳೆಂಬ ಕಥೆ, ಎಲ್ಲ ನಮಗೆ ಗೊತ್ತಿರುವುದೇ. ನನ್ನನ್ನು ಹಿಡಿದು ನಿಲ್ಲಿಸುವ ವಿವರ ಬೇರೆ. ಹಡಗು ಹೊರಟ ದಿನ ತಾಯಿಯಾಗಲಿ ಹೆಂಡತಿಯಾಗಲಿ ಬಂದರಿನಲ್ಲಿ ಇರಲಿಲ್ಲ. ಜುಟ್ಟು ಕತ್ತರಿಸಿಕೊಂಡು ಪ್ಯಾಂಟು ಕೋಟು ತೊಟ್ಟವನನ್ನು ಅವರು ನೋಡಬಾರದೆಂದು ಮೊದಲೇ ಕುಂಭಕೋಣಕ್ಕೆ ಕಳಿಸಲಾಗಿತ್ತು. ತಾಯಿ ಮತ್ತೆ ಮಗನನ್ನು ಕಂಡದ್ದು ಐದು ವರ್ಷದ ನಂತರ, 1919ರ ಮಾರ್ಚ್‌ನಲ್ಲಿ ಬೊಂಬಾಯಿಯಲ್ಲಿ. ಮಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಲಗಿದ್ದಾಗ ತಾಯಿ ಅಲ್ಲಿಗೆ ಹೋಗಿ ಒಂದು ಹೊತ್ತು ಸಾರು ಅನ್ನ ಮಾಡಿಕೊಡಬಹುದಿತ್ತು ಎಂಬ ಯೋಚನೆ ಆ ಕಾಲದಲ್ಲಿ ಯಾರ ತಲೆಗೂ ಬರುವಂಥದ್ದಲ್ಲ.

ನಮ್ಮ ಮನೆಯಲ್ಲೂ ಒಂದು ಹಡಗಿನ ಕಥೆ ಇದೆ. ಅಜ್ಜಿಯ ಅಣ್ಣ 1952ರಲ್ಲಿ ಮದರಾಸಿನಿಂದ 'ರಜುಲಾ' ಹಡಗು ಹತ್ತಿ ಪೆನಾಂಗಿಗೆ ಹೋದರು, ಅಲ್ಲೊಂದು ಕಂಪನಿಯಲ್ಲಿ ಲೆಕ್ಕ ಬರೆಯಲು. ರಜುಲಾ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗು, 1926ರಲ್ಲಿ ಕಟ್ಟಿದ್ದು. ಮದರಾಸು, ನಾಗಪಟ್ಟಣ, ಪೆನಾಂಗ್, ಸಿಂಗಾಪುರದ ನಡುವೆ ಹೆಚ್ಚುಕಡಿಮೆ ಐವತ್ತು ವರ್ಷ ಓಡಾಡಿತು. ಶುರುವಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಡೆಕ್ ಪ್ರಯಾಣಿಕರನ್ನು ತುಂಬಿಕೊಳ್ಳಲು ಅದಕ್ಕೆ ಪರವಾನಗಿ ಇತ್ತಂತೆ. ಡೆಕ್ ಎಂದರೆ ಹಾಸಿಗೆಯೂ ನಿಮ್ಮದೇ, ಜಾಗ ಹಿಡಿಯುವ ಜಗಳವೂ ನಿಮ್ಮದೇ. ಮುತ್ತಜ್ಜಿ ಹಾಸನದ ಹಳ್ಳಿಯಿಂದ ಮಗನನ್ನು ಕಳಿಸಿಕೊಡಲು ಮದರಾಸಿಗೆ ಬಂದಿದ್ದರು. ಅವರು ಸಮುದ್ರವನ್ನು ಮೊದಲು ನೋಡಿದ್ದೂ ಅಂದೇ. ಆಮೇಲೆ ಇಪ್ಪತ್ತು ವರ್ಷ ಬದುಕಿದರು, ಮಗನನ್ನು ಎರಡೇ ಸಲ ನೋಡಿದರು. ಆ ಮಗನಿಗೆ ಅಲ್ಲಿ ಮೂರು ಮಕ್ಕಳಾದವು. ಮೂರು ಬಾಣಂತನವನ್ನೂ ಯಾರು ಮಾಡಿದರು ಎಂದು ನಾನು ಅಮ್ಮನನ್ನು ಕೇಳಿದೆ. "ಯಾರಿಗೆ ಗೊತ್ತು ಕಣೇ, ಯಾರೂ ಕೇಳಲೇ ಇಲ್ಲ" ಅಂದರು.

ಮೊದಲು ಮಕ್ಕಳು, ಆಮೇಲೆ ಹೆತ್ತವರು ಎಂಬ ಈ ಬದಲಾವಣೆಯನ್ನು ಕನ್ನಡದ ಎರಡು ಪುಸ್ತಕಗಳ ಹೆಸರಿನಲ್ಲೇ ಹಿಡಿಯಬಹುದು. ಡಿವಿಜಿಯವರ ಮಗ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ 1940ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ಗೆ ಹೋದರು, ಹಿಂದಿರುಗಿ ನಮ್ಮ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. ಅವರ ಪುಸ್ತಕ 'ಅಮೆರಿಕದಲ್ಲಿ ನಾನು' ಬಂದದ್ದು 1962ರಲ್ಲಿ. ಅದು ಓದಲು ಹೋದವನ ಅಮೆರಿಕ. ಹದಿನೇಳು ವರ್ಷದ ನಂತರ 1979ರಲ್ಲಿ 'ಅಮೆರಿಕಾದಲ್ಲಿ ಗೊರೂರು' ಬಂತು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹುಟ್ಟಿದ್ದು 1904ರಲ್ಲಿ. ಹೇಮಾವತಿ ದಡದ ಹಳ್ಳಿಯವರು, ಎಪ್ಪತ್ತು ದಾಟಿದ ಮೇಲೆ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದರು. ಆ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟು ಹೊತ್ತಿಗೆ ಕನ್ನಡದ ಎಷ್ಟೋ ಮನೆಗಳಲ್ಲಿ ಅಂಥ ಪ್ರಯಾಣ ನಡೆಯತೊಡಗಿತ್ತು, ಬರೆಯಬಲ್ಲವರು ಬರೆದರು.

ಆ ಹದಿನೇಳು ವರ್ಷದಲ್ಲಿ ಆದದ್ದೇನು? ಎರಡು ಕಾನೂನು. ಅಮೆರಿಕದಲ್ಲಿ ಅಲ್ಲಿಯವರೆಗೆ ಭಾರತಕ್ಕಿದ್ದ ವಲಸೆ ಕೋಟಾ ವರ್ಷಕ್ಕೆ ಬರೀ 100. ಅಧ್ಯಕ್ಷ ಜಾನ್ಸನ್ 1965ರ ಅಕ್ಟೋಬರ್ 3ರಂದು ಸಹಿ ಹಾಕಿದ ಕಾಯಿದೆ ದೇಶವಾರು ಕೋಟಾವನ್ನು ತೆಗೆದುಹಾಕಿತು. ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ಹೋದದ್ದು ಇದರಿಂದ ಎಂದು ಎಲ್ಲರೂ ಹೇಳುತ್ತಾರೆ. ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿತ್ತು: ವಯಸ್ಕ ಅಮೆರಿಕನ್ ಪ್ರಜೆಯ ತಂದೆತಾಯಿಗೆ ಸಂಖ್ಯೆಯ ಮಿತಿಯೇ ಇಲ್ಲ. ನೆಲೆ ಊರಿ, ಗ್ರೀನ್ ಕಾರ್ಡ್ ಸಿಕ್ಕಿ, ಮತ್ತೆ ಐದು ವರ್ಷ ಕಳೆದು ಪ್ರಜೆಯಾಗುವ ಹೊತ್ತಿಗೆ 1970ರ ದಶಕದ ನಡುಭಾಗ. ಅಲ್ಲೇ ಉಳಿದುಬಿಡಲು ಎಲ್ಲರ ಅಪ್ಪ ಅಮ್ಮ ಒಪ್ಪಲಿಲ್ಲ. ಬಹಳ ಜನ ಸಂದರ್ಶಕರ ವೀಸಾದಲ್ಲಿ ಆರು ತಿಂಗಳಿಗೆ ಹೋಗಿ ಬಂದರು.

ಇತ್ತ ನಮ್ಮಲ್ಲಿ ಪಾಸ್‌ಪೋರ್ಟ್ ಎಂಬುದು 1967ರವರೆಗೆ ಸರ್ಕಾರದ ಮರ್ಜಿ. ಆ ವರ್ಷದ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ತೀರ್ಪು ಕೊಟ್ಟಿತು. ಕೆಲವೇ ತಿಂಗಳಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. ವಿದೇಶಿ ವಿನಿಮಯದ ಬಿಗಿ ಮಾತ್ರ ಸಡಿಲವಾಗಲಿಲ್ಲ. ಟಿಕೆಟ್ ಕೊಳ್ಳಲು ರಿಸರ್ವ್ ಬ್ಯಾಂಕಿನ 'ಪಿ ಫಾರಂ' ಬೇಕು, ಖರ್ಚೆಲ್ಲ ನಮ್ಮದು ಎಂದು ಅಲ್ಲಿನ ಮಕ್ಕಳು ಬರೆದುಕೊಡಬೇಕು. ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ಹೊರಟೆವು ಎಂದು ಆ ಕಾಲದವರು ಇಂದಿಗೂ ಹೇಳುತ್ತಾರೆ.

ಕಾನೂನು ಬಾಗಿಲು ತೆರೆಯಿತು, ಸರಿ. ಒಳಗೆ ಕಾಲಿಡುವ ಅಗತ್ಯ ಹುಟ್ಟಿದ್ದು ಎಲ್ಲಿಂದ? ಇದನ್ನು ಇತಿಹಾಸದ ಪುಸ್ತಕಗಳು ಬರೆಯುವುದಿಲ್ಲ, ನಮ್ಮ ವೇದಿಕೆಯ ಹೆಂಗಸರಿಗೆ ಹೇಳಬೇಕಾಗಿಯೂ ಇಲ್ಲ. ಬಾಣಂತನ. ನಮ್ಮಲ್ಲಿ ಮಗಳು ಏಳನೇ ತಿಂಗಳಿಗೆ ಸೀಮಂತ ಮಾಡಿಸಿಕೊಂಡು ತವರಿಗೆ ಬರುತ್ತಾಳೆ, ಮೂರೋ ಐದೋ ತಿಂಗಳ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಹಿಂದಿರುಗುತ್ತಾಳೆ. ಅಲ್ಲಿರುವ ಮಗಳಿಗೆ ರಜೆ ಇಲ್ಲ, ಇನ್ಶೂರೆನ್ಸ್ ಇರುವುದು ಅಲ್ಲೇ, ಡಾಕ್ಟರೂ ಅಲ್ಲೇ. ಹಾಗಾಗಿ ತವರುಮನೆಯೇ ಸೂಟ್‌ಕೇಸಿನಲ್ಲಿ ಕೂತು ಮಗಳ ಬಳಿಗೆ ಹೋಗಬೇಕಾಯಿತು. ಮೊದಲ ಆರು ತಿಂಗಳು ಹುಡುಗಿಯ ತಾಯಿ, ಮುಂದಿನ ಆರು ತಿಂಗಳು ಹುಡುಗನ ತಾಯಿ ಎಂಬ ಪಾಳಿ ಈಗ ಎಷ್ಟು ಸಹಜವಾಗಿದೆಯೆಂದರೆ ಮದುವೆ ಮಾತುಕತೆಯಲ್ಲೇ ಲೆಕ್ಕ ಹಾಕುವವರಿದ್ದಾರೆ. ಅದನ್ನು ನಾವು 'ಅಮೆರಿಕ ಟೂರ್' ಎಂದು ಕರೆಯುವುದು ನನಗೇನೋ ಸರಿಕಾಣುವುದಿಲ್ಲ.

ಅಮ್ಮನಿಗೂ ಸರಿಕಾಣಲಿಲ್ಲ. ಸಂದರ್ಶನಕ್ಕೆ ವಾರದ ಮುಂಚಿನಿಂದ ನೆಂಟರಿಷ್ಟರೆಲ್ಲ ಪಾಠ ಹೇಳಿಕೊಟ್ಟಿದ್ದರು. ಹೆರಿಗೆ ವಿಷಯ ಎತ್ತಬೇಡಿ, ನಯಾಗರ ನೋಡೋಕೆ ಅನ್ನಿ. ನಾನೂ ಹೂಂಗುಟ್ಟಿದ್ದೆ, ಪ್ರಶ್ನೋತ್ತರ ಟೈಪ್ ಮಾಡಿ ಕೊಟ್ಟಿದ್ದೆ. ಮೊದಲ ದಿನ ಬೆರಳಚ್ಚು, ಫೋಟೋ, ಮರುದಿನ ಕಾನ್ಸುಲೇಟು. ಅವರೊಬ್ಬರೇ ಒಳಗೆ ಹೋದರು. ಅವರ ಫೋನು ನನ್ನ ಕೈಯಲ್ಲಿ. ಆಚೆ ಬದಿಯ ಫುಟ್‌ಪಾತಿನಲ್ಲಿ ನಿಂತು, ಸಾಲಿನಲ್ಲಿದ್ದವರ ಮಾತಿಗೆ ಕಿವಿಗೊಟ್ಟೆ. ಮೂರು ಕಡೆ ಕನ್ನಡ ಕೇಳಿಸಿತು. ಆ ಕಟ್ಟಡ 1969ರದ್ದು. ಚೆನ್ನೈನ ಮೊದಲ ಮೇಲ್ಸೇತುವೆಯಾದ ಜೆಮಿನಿಗಿಂತ ನಾಲ್ಕು ವರ್ಷ ಹಿರಿಯದು.

ಅಮ್ಮ ಹೊರಗೆ ಬಂದು ಮೊದಲು ನೀರು ಕೇಳಿದರು. "ಏನಂದೆ ಅಮ್ಮ?" ಅಂದೆ.

"ಯಾಕೆ ಹೋಗ್ತೀರಿ ಅಂದ. ಮಗಳ ಹೆರಿಗೆ, ತಾಯಿ ಹೋಗ್ಬೇಕಲ್ವಾ ಅಂದೆ."

"ನಯಾಗರ?"

"ಅವನು ಕೇಳಲೇ ಇಲ್ಲ. ಇಷ್ಟು ವಯಸ್ಸಾದ ಮೇಲೆ ಸುಳ್ಳು ಹೇಳೋದಕ್ಕೆ ನೀವೆಲ್ಲ ಸೇರಿ ಟ್ರೇನಿಂಗ್ ಕೊಟ್ರಲ್ಲ, ಅದಕ್ಕೇ ನನಗೆ ರಾತ್ರಿ ನಿದ್ದೆ ಬರಲಿಲ್ಲ."

ವೀಸಾ ಸಿಕ್ಕಿತ್ತು. ನಾನು ತಲೆ ತಗ್ಗಿಸಿ ಆಟೋ ಕರೆದೆ.

ಮೈಲಾಪುರದ ಕಚೇರಿ ರಸ್ತೆಯ ಡಬ್ಬಾ ಚೆಟ್ಟಿ ಅಂಗಡಿಯಿಂದ ಲೇಹ್ಯ, ಓಮ, ಒಣಶುಂಠಿ, ಬಜೆ ಬಂದವು. ಸಾರಿನಪುಡಿ ಮನೆಯಲ್ಲೇ ಆಯಿತು. ಬಿಪಿ ಮಾತ್ರೆಗಳನ್ನು ಚೀಟಿ ಸಮೇತ ಕೈಚೀಲದಲ್ಲಿ ಇಟ್ಟೆ, ಚೆಕ್-ಇನ್ ಪೆಟ್ಟಿಗೆಯಲ್ಲಿ ಬೇಡ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರು. ವೀಲ್‌ಚೇರಿಗೆ ಅಮ್ಮ ಖಂಡಿತ ಬೇಡ ಅಂದರು. ಮೀನಂಬಾಕ್ಕಂನಲ್ಲಿ ನಡುರಾತ್ರಿಯ ಆ ಉದ್ದದ ಸಾಲು ನೋಡಿದ ಮೇಲೆ ಮಾತಿಲ್ಲದೆ ಕೂತರು. ನಡುವಿನ ಒಂದು ವಿಮಾನ ನಿಲ್ದಾಣದಲ್ಲಿ ವೀಲ್‌ಚೇರಿನಿಂದ ಇಳಿಸಿ ಮೂಲೆಯಲ್ಲಿ ಕೂರಿಸಿದವರು ಒಂದು ಗಂಟೆಯಾದರೂ ತಿರುಗಿ ನೋಡಲಿಲ್ಲ. ನಾನು ಸಿಡುಕಿದೆ, ಇಂಗ್ಲಿಷಿನಲ್ಲಿ ಜಗಳಕ್ಕೆ ಹೋದೆ. ಅಮ್ಮ ಮಾತ್ರ ಪಕ್ಕದ ಗುಜರಾತಿ ಅಜ್ಜಿಯ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತಾ ಕೂತಿದ್ದರು. ಅವರದ್ದೂ ಮಗಳ ಹೆರಿಗೆಯೇ.

ಹದಿನೈದು ದಿನ ಇದ್ದು ನಾನು ಕೆಲಸಕ್ಕೆ ಹಿಂದಿರುಗಿದೆ, ಅಮ್ಮ ಐದೂವರೆ ತಿಂಗಳು ಇದ್ದರು. ನವೆಂಬರ್ ಚಳಿಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರೆರೆದರು. ಬಾತ್‌ಟಬ್ಬಿನ ಅಂಚಿನಲ್ಲಿ ಕೂತು ಮಂಡಿ ಇನ್ನಷ್ಟು ಕೆಟ್ಟಿತು. ಅದನ್ನು ಫೋನಿನಲ್ಲಿ ಹೇಳಲಿಲ್ಲ, ಬಂದಮೇಲೆ ನಡಿಗೆ ನೋಡಿ ನಾನೇ ಕಂಡುಕೊಂಡೆ. ನಯಾಗರ ನೋಡಲಿಲ್ಲ. ಅಕ್ಕ ಇವತ್ತಿಗೂ ಅದನ್ನು ನೆನೆದು ಅಳುತ್ತಾಳೆ. ಅಮ್ಮ ನೆನೆಯುವುದು ಮುತ್ತಜ್ಜಿಯನ್ನು. ಪೆನಾಂಗಿನ ಮೊಮ್ಮಕ್ಕಳಿಗೆಂದು ಅವರು ಪ್ರತಿವರ್ಷ ಹಳೇ ಸೀರೆಯಲ್ಲಿ ಕೌದಿ ಹೊಲಿದು ಇಡುತ್ತಿದ್ದರಂತೆ, ಹಡಗಿಗೆ ಕೊಟ್ಟು ಕಳಿಸುವವರು ಸಿಗದೆ ಅವು ಇಲ್ಲೇ ಹಂಚಿಹೋದವಂತೆ. ಅದರಲ್ಲೊಂದರಲ್ಲಿ ಅಕ್ಕನೂ ನಾನೂ ಮಲಗಿದ್ದೆವು. ನ್ಯೂಜೆರ್ಸಿಗೆ ಅಮ್ಮ ಅದನ್ನೇ ಒಯ್ದಿದ್ದರು.

2025ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಮೊದಲಿಗೆ ವೀಸಾ ಕೆಲಸ ಅಲ್ಲಿಲ್ಲ, ಮುಂದೆ ಬರುತ್ತದೆ ಎಂದರು. ಟಿವಿಯಲ್ಲಿ ಸುದ್ದಿ ನೋಡಿ, ಪಾಪ ವಯಸ್ಸಾದವರಿಗೆ ರೈಲು ತಪ್ಪುತ್ತದೆ ಎಂದು ನಾನು ಖುಷಿಪಟ್ಟೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇನ್ಮೇಲೆ ನಮ್ಮನೆಗೆ ಯಾರು ಬರ್ತಾರೆ?" ಅಂದರು.